ಅಡುಗೆಮನೆಯ ಹೊಗೆ: 65 ವರ್ಷವಾದರೂ ಮುಗಿಯದ ಲೆಕ್ಕ

ನಮ್ಮಜ್ಜಿಯ ಅಡುಗೆಮನೆಯ ಮಾಡು ಪೂರ್ತಿ ಕಪ್ಪು. ಹೆಂಚಿನ ಕೆಳಗಿನ ಗಳು, ತೊಲೆ, ಮಜ್ಜಿಗೆ ಗಡಿಗೆ ತೂಗುಹಾಕುತ್ತಿದ್ದ ನೆಲವು, ಎಲ್ಲಕ್ಕೂ ಮಸಿ. ಉಗುರಿನಲ್ಲಿ ಕೆರೆದರೆ ಅಂಟಂಟಾಗಿ ಬರುತ್ತಿತ್ತು. ಮಳೆಗಾಲದಲ್ಲಿ ಸೌದೆ ಹಸಿಯಾಗಿದ್ದರೆ ಅಜ್ಜಿ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಊದುಗೊಳವೆಯಲ್ಲಿ ಊದುತ್ತಿದ್ದರು. ಎರಡು ಸಲ ಊದುವುದು, ನಾಲ್ಕು ಸಲ ಕೆಮ್ಮುವುದು, ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು. ಮತ್ತೆ ಊದುವುದು. ಆ ಕೆಮ್ಮಿಗೆ ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ. ವಯಸ್ಸಾಯಿತು, ಕೆಮ್ಮು ಇರುತ್ತೆ ಅಂದುಕೊಂಡೆವು.

ಇಂಥ ಕೆಮ್ಮಿನ ಹಿಂದೆ ಏನಿದೆ ಎಂದು ಒಬ್ಬ ವೈದ್ಯೆ 1959ರಲ್ಲೇ ಬರೆದಿದ್ದರು. ಡಾ. ಎಸ್. ಪದ್ಮಾವತಿ, ದೇಶದ ಮೊದಲ ಹೃದಯ ತಜ್ಞೆ. ದೆಹಲಿಯ ಆಸ್ಪತ್ರೆಗಳಲ್ಲಿ ಅವರಿಗೆ ಒಂದು ವಿಚಿತ್ರ ಕಾಣಿಸಿತು. ಶ್ವಾಸಕೋಶ ಹಾಳಾಗಿ, ಅದರ ಭಾರ ಹೃದಯದ ಬಲಭಾಗದ ಮೇಲೆ ಬೀಳುವ ಕಾಯಿಲೆಯೊಂದಿದೆ. ಬೇರೆ ದೇಶಗಳಲ್ಲಿ ಅದು ಹೆಚ್ಚಾಗಿ ಬೀಡಿ, ಸಿಗರೇಟು ಸೇದುವ ಗಂಡಸರಿಗೆ ಬರುತ್ತಿತ್ತು. ದೆಹಲಿಯಲ್ಲಿ ಮಾತ್ರ ಹೆಂಗಸರಿಗೂ ಅಷ್ಟೇ ಬರುತ್ತಿತ್ತು, ಅದೂ ಗಂಡಸರಿಗಿಂತ ಚಿಕ್ಕ ವಯಸ್ಸಿಗೆ. ಅವರಲ್ಲಿ ಸೇದುವವರು ತೀರಾ ಕಡಿಮೆ. ಹಾಗಾದರೆ ಶ್ವಾಸಕೋಶ ಕೆಟ್ಟಿದ್ದು ಯಾವುದರಿಂದ? ಪದ್ಮಾವತಿಯವರ ಅನುಮಾನ ಹೋಗಿದ್ದು ಬೆರಣಿ, ಸೌದೆ ಉರಿಸುವ ಒಲೆಯ ಮೇಲೆ.

ಆ ಮಾತು ವೈದ್ಯಕೀಯ ಪತ್ರಿಕೆಯೊಳಗೇ ಉಳಿಯಿತು. 1970ರ ದಶಕದಲ್ಲಿ ಸರ್ಕಾರ, ವಿಜ್ಞಾನಿಗಳ ಕಣ್ಣು ಒಲೆಯ ಕಡೆ ತಿರುಗಿತು ನಿಜ, ಆದರೆ ಕಾರಣ ಬೇರೆ. ಪೆಟ್ರೋಲಿಯಂ ಬೆಲೆ ಏರಿತ್ತು, ಕಾಡು ಕರಗುತ್ತಿತ್ತು, ಹಳ್ಳಿಗಳಲ್ಲಿ ಸೌದೆ ಸಿಗದೇ ಹೋದರೆ ಏನು ಗತಿ ಎಂಬ ಚಿಂತೆ. ಚಿಂತೆಯೆಲ್ಲ ಮರದ ಬಗ್ಗೆ. ಒಲೆ ಮುಂದೆ ಕೂತವಳ ಎದೆಯ ಬಗ್ಗೆ ಅಲ್ಲ.

ಈ ಕಥೆಯ ಒಂದು ಒಳ್ಳೆಯ ಅಧ್ಯಾಯ ನಡೆದಿದ್ದು ನಮ್ಮಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹಳ್ಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸುವ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರು ನೆಲೆ ಮಾಡಿಕೊಂಡರು. ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿದರು. ಐದರಲ್ಲಿ ನಾಲ್ಕು ಪಾಲು ಬರುತ್ತಿದ್ದುದು ಸೌದೆಯಿಂದ. ಕರೆಂಟಿನ ಪಾಲು ನೂರಕ್ಕೆ ಒಂದೂ ಇರಲಿಲ್ಲ. ವಿದ್ಯುತ್ ಯೋಜನೆಗಳ ಸುತ್ತಲೇ ಗಿರಕಿ ಹೊಡೆಯುತ್ತಿದ್ದ ಇಂಧನ ನೀತಿ ಹಳ್ಳಿಯ ಹೆಂಗಸನ್ನು ನೋಡಿಯೇ ಇರಲಿಲ್ಲ ಅನ್ನುವುದಕ್ಕೆ ಈ ಒಂದು ಸಂಖ್ಯೆ ಸಾಕು.

ಹೀಗೆ ಬಂದದ್ದು 'ಅಸ್ತ್ರ ಒಲೆ'. ನಮ್ಮ ಕಡೆಯ ಹಿರಿಯರಿಗೆ ಈ ಹೆಸರು ಈಗಲೂ ನೆನಪಿದೆ. ಮಣ್ಣಿನ ಕಟ್ಟೆಯಲ್ಲಿ ಮೂರು ಪಾತ್ರೆಗೆ ಮೂರು ಬಾಯಿ. ಬೆಂಕಿ ಮಾತ್ರ ಒಂದೇ ಕಡೆ, ಮೊದಲ ಪಾತ್ರೆಯ ಕೆಳಗೆ. ಸೌದೆ ಕೂರುವುದು ಸರಳಿನ ಜಾಲರಿ ಮೇಲೆ, ಬೂದಿ ಕೆಳಗೆ ಉದುರುತ್ತದೆ, ಗಾಳಿ ಅಲ್ಲಿಂದಲೇ ಮೇಲೇರುತ್ತದೆ. ಬಿಸಿ ಹೊಗೆ ಸುಮ್ಮನೆ ಹೊರಗೆ ಹೋಗದೆ ಎರಡನೇ, ಮೂರನೇ ಪಾತ್ರೆಯ ತಳ ಕಾಯಿಸಿ ಆಮೇಲೆ ಚಿಮಣಿ ಸೇರುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ಪಾತ್ರೆಗೆ ಸೇರುವುದು ನೂರಕ್ಕೆ ಸುಮಾರು ಹತ್ತು ಪಾಲು. ಪ್ರಯೋಗಾಲಯದಲ್ಲಿ ಅಸ್ತ್ರ ಒಲೆ ಅದರ ಮೂರು-ನಾಲ್ಕು ಪಟ್ಟು ಕೊಟ್ಟಿತು. ತುಂಬಾ ತಲೆ ಓಡಿಸಿ ಮಾಡಿದ ಒಲೆ ಅದು.

ಆದರೆ ಪಾತ್ರೆಗಳು ಆ ಬಾಯಿಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಸಂದಿಯಿಂದ ಹೊಗೆ ಬರುತ್ತದೆ. ಸೌದೆಯನ್ನು ಸಣ್ಣಗೆ ಸೀಳಬೇಕು. ಚಿಮಣಿಯ ಮಸಿ ಆಗಾಗ ತೆಗೆಯಬೇಕು. ಕಟ್ಟೆ ಬಿರುಕು ಬಿಟ್ಟರೆ ಮೆತ್ತಬೇಕು. ಇದೆಲ್ಲ ಯಾರ ಕೆಲಸ? ಬೆಳಗಾಗೆದ್ದು ನೀರು ತಂದು, ದನದ ಕೊಟ್ಟಿಗೆ ಬಳಿದು, ಹೊಲಕ್ಕೆ ಹೋಗಿ ಬಂದವಳದೇ ಅಲ್ವಾ.

ಅದೇ ಹೊತ್ತಿಗೆ ಗುಜರಾತಿನಲ್ಲಿ ಇನ್ನೊಂದು ಕೆಲಸ ನಡೆಯಿತು. ಕರ್ಕ್ ಸ್ಮಿತ್ ಎಂಬ ಅಮೆರಿಕದ ಸಂಶೋಧಕರು ಅಹಮದಾಬಾದಿನ ವಿಜ್ಞಾನಿಗಳ ಜೊತೆ ಸೇರಿ ನಾಲ್ಕು ಹಳ್ಳಿಗಳಿಗೆ ಹೋದರು. ಅಡುಗೆ ಮಾಡುವ ಹೆಂಗಸರಿಗೇ ಪುಟ್ಟ ಪಂಪು ಕಟ್ಟಿ, ಅವರು ಉಸಿರಾಡುವ ಗಾಳಿಯನ್ನೇ ಅಳೆದರು. 1983ರಲ್ಲಿ ಲೆಕ್ಕ ಪ್ರಕಟವಾಯಿತು. ಅಡುಗೆಯ ಹೊತ್ತಿನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 7 ಮಿಲಿಗ್ರಾಂ ಹೊಗೆಯ ಕಣ. ಕ್ಯಾನ್ಸರ್ ತರುವ ಬೆಂಜೋಪೈರೀನ್ ಎಂಬ ರಾಸಾಯನಿಕವೂ ಅದರಲ್ಲಿ ಧಾರಾಳವಾಗಿತ್ತು. ವಾಯುಮಾಲಿನ್ಯ ಅಂದರೆ ಕಾರ್ಖಾನೆ, ಲಾರಿ, ಪೇಟೆ ಅಂತ ತಿಳಿದಿದ್ದವರಿಗೆ ಹಳ್ಳಿಯ ಅಡುಗೆಮನೆ ಯಾವ ಪೇಟೆಗೂ ಕಡಿಮೆಯಿಲ್ಲ ಎಂದು ಮೊದಲ ಸಲ ಅಂಕಿಯಲ್ಲಿ ಗೊತ್ತಾಯಿತು.

1980ರ ದಶಕದಲ್ಲೇ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. 2002ರಲ್ಲಿ ಅದು ನಿಂತಾಗ 3 ಕೋಟಿಗೂ ಜಾಸ್ತಿ ಒಲೆ ಹಂಚಿದ ಲೆಕ್ಕ ಇತ್ತು. ಹಂಚಿದ್ದು ಎಷ್ಟು ಅಂತ ಬರೆದಿಟ್ಟರು. ಅದರಲ್ಲಿ ಎಷ್ಟು ಉರಿಯುತ್ತಿವೆ, ಎಷ್ಟು ಕೋಳಿ ಕೂರುವ ಜಾಗವಾದವು ಎಂದು ಅಷ್ಟೇ ಶ್ರದ್ಧೆಯಿಂದ ಬರೆಯಲಿಲ್ಲ.

ಆ ಕೊರತೆ ತುಂಬಿದ್ದು ಒಡಿಶಾದ ಅಧ್ಯಯನ. ರೀಮಾ ಹನ್ನಾ, ಎಸ್ತರ್ ಡುಫ್ಲೋ, ಮೈಕಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಚಿಮಣಿ ಒಲೆ ಪಡೆದ ಮನೆಗಳನ್ನು ನಾಲ್ಕು ವರ್ಷ ಬಿಡದೆ ಗಮನಿಸಿದರು. ಮೊದಲ ವರ್ಷ ಹೆಂಗಸರು ಕುಡಿಯುವ ಹೊಗೆ ಕಡಿಮೆಯಾಯಿತು. ಆಮೇಲೆ ಒಲೆ ಒಡೆಯಿತು, ಚಿಮಣಿ ಕಟ್ಟಿತು, ಜನ ಹಳೇ ಒಲೆಗೆ ವಾಪಸಾದರು. ಕೊನೆಗೆ ಆರೋಗ್ಯದಲ್ಲೂ ವ್ಯತ್ಯಾಸವಿಲ್ಲ, ಸೌದೆಯ ಖರ್ಚಿನಲ್ಲೂ ಇಲ್ಲ. ಬೇರೆ ದೇಶಗಳಲ್ಲೂ ಹೆಚ್ಚುಕಡಿಮೆ ಇದೇ ಪಾಠ. ಗ್ವಾಟೆಮಾಲಾದಲ್ಲಿ ಚಿಮಣಿ ಒಲೆ ಕೊಟ್ಟ ಮನೆಗಳಲ್ಲಿ ಮಕ್ಕಳ ತೀವ್ರ ನ್ಯುಮೋನಿಯಾ ಸುಮಾರು ಮೂರನೇ ಒಂದು ಪಾಲು ತಗ್ಗಿತು ಎಂದು 2011ರಲ್ಲಿ ವರದಿಯಾಯಿತು, ಒಟ್ಟು ನ್ಯುಮೋನಿಯಾದಲ್ಲಿ ಮಾತ್ರ ಖಚಿತ ಇಳಿಕೆ ಕಾಣಲಿಲ್ಲ. ಮಲಾವಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದ ಅಧ್ಯಯನದಲ್ಲಿ ಫ್ಯಾನ್ ಇರುವ ಸೌದೆ ಒಲೆಯಿಂದ ಏನೂ ಬದಲಾಗಲಿಲ್ಲ.

ಆ ಹೊತ್ತಿಗೆ ಸ್ಮಿತ್ ಅವರ ನಿಲುವೂ ಬದಲಾಗಿತ್ತು. ಸಿಗುವ ಇಂಧನವನ್ನು ಶುದ್ಧ ಮಾಡಲು ಹೆಣಗಿದ್ದು ಸಾಕು, ಶುದ್ಧ ಇಂಧನವೇ ಸಿಗುವಂತೆ ಮಾಡಿ ಎಂದು ಅವರು ಹೇಳತೊಡಗಿದರು. ಅಂದರೆ ಗ್ಯಾಸು, ಕರೆಂಟು. ಅದು ಕಲ್ಲೆಣ್ಣೆಯಿಂದ ಬರುವ ಗ್ಯಾಸು, ಹವಾಮಾನಕ್ಕೆ ಒಳ್ಳೆಯದಲ್ಲವಲ್ಲ ಎಂದು ಕೇಳಿದವರು ಇದ್ದರು. ಬಡವರ ಅಡುಗೆಗೆ ಬೇಕಾಗುವ ಗ್ಯಾಸು ಎಷ್ಟು ಮಹಾ? ಜೊತೆಗೆ ಸೌದೆಯ ಮಸಿಯೇ ಹವಾಮಾನಕ್ಕೆ ಪೆಟ್ಟು ಕೊಡುತ್ತದೆ. ಕಪ್ಪು ಕಣ ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ. ಹಿಂದೂ ಮಹಾಸಾಗರದ ಮೇಲೆ ಹಬ್ಬಿದ ಕಂದು ಮೋಡವನ್ನು 1999ರಲ್ಲಿ ಅಳೆದ ತಂಡದ ಮುಂದಾಳು ವೀರಭದ್ರನ್ ರಾಮನಾಥನ್, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಓದಿದವರು. ಭಾರತದಿಂದ ಹೊರಡುವ ಕಪ್ಪು ಮಸಿಯಲ್ಲಿ ದೊಡ್ಡ ಪಾಲು ಮನೆಯ ಒಲೆಗಳದ್ದು ಎಂದು 2005ರಲ್ಲಿ ಐಐಟಿ ಬಾಂಬೆಯ ಚಂದ್ರಾ ವೆಂಕಟರಾಮನ್ ಅವರ ತಂಡ ತೋರಿಸಿತು. ಈ ಮಸಿ ಗಾಳಿಯಲ್ಲಿ ಇರುವುದು ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ. ಉರಿಸುವುದು ನಿಲ್ಲಿಸಿದರೆ ಬೇಗ ಕಡಿಮೆಯಾಗುತ್ತದೆ. ಇಂಗಾಲದ ಡೈಆಕ್ಸೈಡಿನ ಬಗ್ಗೆ ಹೀಗೆ ಹೇಳಲಾಗದು.

2016ರ ಮೇ 1ರಂದು ಉತ್ತರ ಪ್ರದೇಶದ ಬಲ್ಲಿಯಾದಲ್ಲಿ ಉಜ್ವಲಾ ಯೋಜನೆ ಶುರುವಾಯಿತು. ಮೂರೂವರೆ ವರ್ಷದೊಳಗೆ 8 ಕೋಟಿ ಸಂಪರ್ಕ, ಅದೂ ಮನೆಯ ಹೆಂಗಸಿನ ಹೆಸರಿನಲ್ಲಿ. ಕರ್ನಾಟಕ 2017ರಲ್ಲಿ ತನ್ನದೇ ಅನಿಲ ಭಾಗ್ಯ ತಂದಿತು. ಇದು ಸಣ್ಣ ಸಾಧನೆಯಲ್ಲ, ಮನಸಾರೆ ಹೇಳುತ್ತೇನೆ. ಶುದ್ಧ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು 2015-16ರಲ್ಲಿ ದೇಶದಲ್ಲಿ ಶೇಕಡಾ 44 ಇದ್ದವು, 2019-21ರ ಸಮೀಕ್ಷೆಯಲ್ಲಿ 59 ಆದವು. ಹಳ್ಳಿಗಳನ್ನು ಮಾತ್ರ ತೆಗೆದುಕೊಂಡರೆ 43.

ಸಂಪರ್ಕ ಬಂದ ಮೇಲೆ ಏನಾಯಿತು? ಅದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಕೊಪ್ಪಳದಲ್ಲಿ. ಸಂಶೋಧಕರು ಯಾರನ್ನೂ ಬಾಯಿಮಾತಲ್ಲಿ ಕೇಳದೆ ಸಿಲಿಂಡರ್ ಮಾರಾಟದ ದಾಖಲೆಯನ್ನೇ ಹಿಡಿದು ಕೂತರು, 2019ರಲ್ಲಿ ಪ್ರಕಟಿಸಿದರು. ಅಡುಗೆಯೆಲ್ಲ ಗ್ಯಾಸಿನಲ್ಲೇ ಆಗಬೇಕಾದರೆ ಎಷ್ಟು ಬೇಕೋ, ಸಾಮಾನ್ಯ ಹಳ್ಳಿ ಮನೆಗಳು ಅದರ ಅರ್ಧದಷ್ಟು ಕೊಳ್ಳುತ್ತಿದ್ದವು. ಉಜ್ವಲಾ ಮನೆಗಳು ಆ ಅರ್ಧದಲ್ಲಿ ಅರ್ಧ. ಬೇಸಿಗೆ ಬಂದರೆ ಇನ್ನೂ ಕಡಿಮೆ, ಏಕೆಂದರೆ ಹೊಲದಲ್ಲಿ ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ. ಒಣ ಸೌದೆಯಾದರೆ ಬೇಲಿ ಬದಿಯಲ್ಲಿ ಪುಕ್ಕಟೆ ಸಿಗುತ್ತದೆ. ನಮ್ಮ ಅತ್ತೆಯೊಬ್ಬರನ್ನು ಕೇಳಿದೆ, ಸಿಲಿಂಡರ್ ಎಷ್ಟು ದಿನ ಬರುತ್ತೆ ಅತ್ತೆ ಅಂತ. "ಆರು ತಿಂಗಳು ಎಳೀತೀನಿ ಕಣಪ್ಪ. ಬೆಳಿಗ್ಗೆ ಟೀಗೆ, ಯಾರಾದ್ರೂ ನೆಂಟರು ಬಂದ್ರೆ ಅಷ್ಟೇ. ಮುದ್ದೆ, ಸಾರು, ಸ್ನಾನದ ನೀರು ಎಲ್ಲ ಸೌದೇಲೇ" ಅಂದರು. ಸರ್ಕಾರದ ಪಟ್ಟಿಯಲ್ಲಿ ಅವರದು ಗ್ಯಾಸಿರುವ ಮನೆ.

ಕೇಂದ್ರ ಸರ್ಕಾರ ಉಜ್ವಲಾ ಮನೆಗಳಿಗೆ 2022ರಲ್ಲಿ ಸಿಲಿಂಡರಿಗೆ 200 ರೂಪಾಯಿ, 2023ರಲ್ಲಿ 300 ರೂಪಾಯಿ ಸಬ್ಸಿಡಿ ಕೊಟ್ಟಿತು. ಒಳ್ಳೆಯದೇ. ಆದರೆ ಶುದ್ಧ ಗಾಳಿಯ ದುಡ್ಡು ಬೇರೆ, ಗ್ಯಾಸಿನ ದುಡ್ಡು ಬೇರೆ ಎಂದು ಸರ್ಕಾರ ಇನ್ನೂ ನೋಡುತ್ತದೆ. 2019ರಲ್ಲಿ ಬಂದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ನಗರಗಳ ಕಾರ್ಯಕ್ರಮ. ನಮ್ಮ ರಾಜ್ಯದಿಂದ ಅದರಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ಅದೇ ವರ್ಷ ಬಂದ ಒಂದು ಅಧ್ಯಯನ, ದೇಶದ ಮನೆಗಳ ಹೊಗೆ ಪೂರ್ತಿ ನಿಂತರೆ ಸಾಕು, ಹೊರಗಿನ ಗಾಳಿಯ ಸರಾಸರಿಯೇ ರಾಷ್ಟ್ರೀಯ ಮಿತಿಯೊಳಗೆ ಬರುತ್ತದೆ ಎಂದು ಲೆಕ್ಕ ಹಾಕಿತ್ತು. ಒಲೆಯ ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಬಂದು ಎಲ್ಲರ ಗಾಳಿ ಸೇರುತ್ತದೆ, ಪೇಟೆಯವರದ್ದೂ ಸೇರಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸತ್ತವರು 32 ಲಕ್ಷ. ಸ್ಮಿತ್ ಮತ್ತು ಪದ್ಮಾವತಿ ಇಬ್ಬರೂ ತೀರಿಕೊಂಡಿದ್ದು ಅದೇ ವರ್ಷ. ಪದ್ಮಾವತಿಯವರಿಗೆ ಆಗ 103 ವರ್ಷ.

ಗ್ಯಾಸ್ ಒಲೆಯ ಬಗ್ಗೆ ಇತ್ತೀಚಿನ ದೊಡ್ಡ ಪರೀಕ್ಷೆ ನಡೆದಿದ್ದು ನಾಲ್ಕು ದೇಶಗಳಲ್ಲಿ, ಸುಮಾರು 3,200 ಗರ್ಭಿಣಿಯರ ಜೊತೆ. ಭಾರತದಲ್ಲಿ ತಮಿಳುನಾಡಿನ ವಿಳುಪ್ಪುರಂ, ನಾಗಪಟ್ಟಣಂ ಕಡೆ, ಚೆನ್ನೈನ ಕಲ್ಪನಾ ಬಾಲಕೃಷ್ಣನ್ ಮತ್ತು ಅವರ ತಂಡದವರು ನಡೆಸಿದರು. ಅರ್ಧದಷ್ಟು ಮನೆಗಳಿಗೆ ಗ್ಯಾಸ್ ಒಲೆ ಕೊಟ್ಟು, 18 ತಿಂಗಳು ಸಿಲಿಂಡರನ್ನು ಪುಕ್ಕಟೆಯಾಗಿ ಬಾಗಿಲಿಗೇ ತಲುಪಿಸಿದರು. 2022 ಮತ್ತು 2024ರಲ್ಲಿ ಫಲಿತಾಂಶ ಬಂತು. ಹೆಂಗಸರು ಉಸಿರಾಡುವ ಸೂಕ್ಷ್ಮ ಕಣ ಮೂರನೇ ಒಂದು ಪಾಲಿಗೆ ಇಳಿದಿತ್ತು. ಮಗುವಿನ ಹುಟ್ಟುತೂಕ, ಮೊದಲ ವರ್ಷದ ನ್ಯುಮೋನಿಯಾ ಮಾತ್ರ ಬದಲಾಗಲಿಲ್ಲ. ಇದು ಬೇಸರದ ಸುದ್ದಿ, ಮುಚ್ಚಿಡುವಂಥದ್ದಲ್ಲ. ಗ್ಯಾಸ್ ಬರುವ ಹೊತ್ತಿಗೆ ಬಸಿರಿಗೆ ತಿಂಗಳುಗಳಾಗಿದ್ದವು, ನ್ಯುಮೋನಿಯಾಕ್ಕೆ ಬೇರೆ ಕಾರಣಗಳೂ ಇವೆ. ಹತ್ತಾರು ವರ್ಷ ಹೊಗೆ ಕುಡಿದ ಶ್ವಾಸಕೋಶದ ಪ್ರಶ್ನೆಗೆ, ಅಂದರೆ ಪದ್ಮಾವತಿಯವರ ಪ್ರಶ್ನೆಗೆ, ಒಂದೂವರೆ ವರ್ಷದ ಪರೀಕ್ಷೆಯಲ್ಲಿ ಉತ್ತರ ಸಿಗುವುದೂ ಇಲ್ಲ.

ನನ್ನ ಮನಸ್ಸಿನಲ್ಲಿ ನಿಂತಿದ್ದು ಆ ಪರೀಕ್ಷೆಯ ಇನ್ನೊಂದು ಲೆಕ್ಕ. ಹಳ್ಳಿ ಹೆಂಗಸರಿಗೆ ಸೌದೆ ಅಡುಗೆಯ ರುಚಿಯೇ ಬೇಕು, ಅಭ್ಯಾಸ ಬಿಡುವುದಿಲ್ಲ ಎಂದು ಎಷ್ಟು ಜನ ಹೇಳಿಲ್ಲ? ಅಲ್ಲಿ ಹಳೇ ಒಲೆ ಉರಿಯಿತೇ ಎಂದು ತಿಳಿಯಲು ಅದರ ಪಕ್ಕದಲ್ಲಿ ಶಾಖ ಅಳೆಯುವ ಪುಟ್ಟ ಯಂತ್ರ ಇಟ್ಟಿದ್ದರು. ಸಿಲಿಂಡರ್ ಬಾಗಿಲಿಗೆ ಬರುತ್ತಿದ್ದಷ್ಟು ಕಾಲವೂ ಬಹುಪಾಲು ಮನೆಗಳಲ್ಲಿ ಆ ಒಲೆ ತಣ್ಣಗೇ ಇತ್ತು.