ವೈಫೈಯಲ್ಲಿ ಮಾತಿಗೆ ಮೊದಲ ಸರದಿ

ಮನೆಯ ಒಂದು ಫೋನು ಫೋಟೋಗಳನ್ನು ಕ್ಲೌಡ್‌ಗೆ ಏರಿಸಲು ಶುರುಮಾಡಿದೊಡನೆ ಪಕ್ಕದ ಕೋಣೆಯ ವಿಡಿಯೋ ಕರೆ ತುಂಡುತುಂಡಾಗುತ್ತದೆ. ಆಗ ರೂಟರ್‌ನ ಕ್ಯುಒಎಸ್ (ಯಾವ ಡೇಟಾಕ್ಕೆ ಮೊದಲ ಸರದಿ ಎಂದು ನಿಗದಿಮಾಡುವ) ಪುಟಕ್ಕೆ ಹೋಗುವ ಮೊದಲು ಕಾಯುವ ಡೇಟಾದ ಸಾಲು ಎಲ್ಲಿ ಬೆಳೆಯುತ್ತಿದೆ ಎಂದು ತಿಳಿಯಬೇಕು. ಅಪ್‌ಲೋಡ್ ನಡೆಯುತ್ತಿರುವಾಗಲೇ ಲ್ಯಾಪ್‌ಟಾಪ್‌ನಿಂದ ಎರಡು ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ ಅಳೆಯುವ ಆಜ್ಞೆ) ಓಡಿಸಿ: ಒಂದು ರೂಟರ್‌ಗೆ, ಇನ್ನೊಂದು ಹೊರಗಿರುವ ಗೂಗಲ್ ಸರ್ವರ್ 8.8.8.8ಕ್ಕೆ.

ರೂಟರ್ ತಕ್ಷಣ ಉತ್ತರಿಸುತ್ತಿದ್ದು, ಹೊರಗಿನ ಪಿಂಗ್ ಮಾತ್ರ ನೂರಾರು ಮಿಲಿಸೆಕೆಂಡಿಗೆ ಏರಿದರೆ ತೊಂದರೆ ಇರುವುದು ಇಂಟರ್ನೆಟ್ ಲೈನಿನಲ್ಲಿ. ವೈಫೈ ಆದ್ಯತೆಯಿಂದ ಅದು ಸರಿಹೋಗದು. ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ರೂಟರ್ ಆದರೆ ಸಾಲು ನಿಭಾಯಿಸುವ ಎಸ್‌ಕ್ಯುಎಂನಲ್ಲಿ ಕೇಕ್ ಎಂಬ ವಿಧಾನ ಆರಿಸಿ, ಅಳೆದ ವೇಗದ ಸುಮಾರು 90% ಮಿತಿ ಕೊಡಿ. ಅಪ್‌ಲೋಡ್ 40 ಎಂಬಿಪಿಎಸ್ ಇದ್ದರೆ 36. ಹಾಗೆ ಮಾಡಿದರೆ ಸಾಲು ಮೋಡೆಮ್‌ನೊಳಗೆ ಬೆಳೆಯದೆ ನಮ್ಮ ಹಿಡಿತದಲ್ಲೇ ಉಳಿಯುತ್ತದೆ.

ರೂಟರ್ ಪಿಂಗ್ ಕೂಡ ಕುಣಿದರೆ ಗಾಳಿಯಲ್ಲೇ ದಟ್ಟಣೆ. 2005ರ 802.11ಇ ಎಂಬ ವೈಫೈ ಮಾನಕ ಇದಕ್ಕೆಂದೇ ನಾಲ್ಕು ಸಾಲು ಮಾಡಿತು: ಧ್ವನಿ, ವಿಡಿಯೋ, ಸಾಮಾನ್ಯ, ಹಿನ್ನೆಲೆ. ಚಾನೆಲ್ ಖಾಲಿಯಾದ ಮೇಲೆ ಫೋನು, ಲ್ಯಾಪ್‌ಟಾಪ್‌ಗಳು ಧ್ವನಿಗೆ 2 ಸ್ಲಾಟ್ ತಡೆದು, 0ರಿಂದ 3ರೊಳಗೆ ಲಾಟರಿಯಂತೆ ಬಂದ ಒಂದು ಸಂಖ್ಯೆಯಷ್ಟು ಸ್ಲಾಟ್ ಎಣಿಸಿ ಕಳಿಸುತ್ತವೆ. ಸಾಮಾನ್ಯ ಸಾಲಿಗೆ ತಡೆ 3 ಸ್ಲಾಟ್, ಎಣಿಕೆ 15ರವರೆಗೆ. 5 ಗಿಗಾಹರ್ಟ್ಸ್‌ನಲ್ಲಿ ಒಂದು ಸ್ಲಾಟ್ ಅಂದರೆ 9 ಮೈಕ್ರೋಸೆಕೆಂಡ್. ಇಷ್ಟು ಚಿಕ್ಕ ಅಂತರದಲ್ಲೇ ಹೆಚ್ಚಿನ ಸಲ ಧ್ವನಿ ಗೆಲ್ಲುತ್ತದೆ.

ಎಡವಟ್ಟಾಗುವುದು ಪ್ಯಾಕೆಟ್ ಯಾವ ಸಾಲಿನದು ಎಂದು ಹೇಳುವ ಚೀಟಿಯಲ್ಲಿ. ಧ್ವನಿ ಪ್ಯಾಕೆಟ್‌ನ ಡಿಎಸ್‌ಸಿಪಿ (ಪ್ಯಾಕೆಟ್ ಮೇಲಿನ ಆದ್ಯತೆಯ ಸಂಖ್ಯೆ) ಗುರುತು 46, ದ್ವಿಮಾನದಲ್ಲಿ 101110. ಅನೇಕ ಸಾಧನಗಳು ಮೊದಲ ಮೂರು ಬಿಟ್ ಮಾತ್ರ ನೋಡಿ 5 ಎಂದು ಓದುತ್ತವೆ. 5 ವಿಡಿಯೋದ ಸಂಖ್ಯೆಯಾದ್ದರಿಂದ ಮಾತು ವಿಡಿಯೋ ಸಾಲಿಗೆ ಬೀಳುತ್ತದೆ. 2018ರ ಇಂಟರ್ನೆಟ್ ಮಾನಕ ದಾಖಲೆ ಆರ್‌ಎಫ್‌ಸಿ 8325 ಹೇಳುವಂತೆ ಕ್ಯುಒಎಸ್ ಮ್ಯಾಪ್‌ನಲ್ಲಿ 46ನ್ನು ಧ್ವನಿ ಸಾಲಿನ ಸಂಖ್ಯೆಯಾದ 6ಕ್ಕೆ ಜೋಡಿಸಿ.

ಹೊರಗಿನಿಂದ ಬರುವಾಗ ಈ ಗುರುತು ದಾರಿಯಲ್ಲೇ ಅಳಿಸಿಹೋಗುವುದು ಸಾಮಾನ್ಯ, ಹಾಗಾಗಿ ಒಳಬರುವ ಕರೆಗೆ ರೂಟರ್‌ನಲ್ಲೇ ಮತ್ತೆ ಹಚ್ಚಬೇಕು. ಕರೆ ಯಾವುದೆಂದು ಪೋರ್ಟ್ ಸಂಖ್ಯೆಯಿಂದ ತಿಳಿಯಬಹುದು: ಟೀಮ್ಸ್ ಧ್ವನಿಗೆ ಮೈಕ್ರೋಸಾಫ್ಟ್ ಸೂಚಿಸುವ ಪೋರ್ಟುಗಳು ಯುಡಿಪಿ 50000ರಿಂದ 50019. ಲ್ಯಾಪ್‌ಟಾಪ್‌ನಿಂದ ಹೊರಡುವ ಮಾತಿಗೆ ಮಾತ್ರ ಲ್ಯಾಪ್‌ಟಾಪ್‌ನಲ್ಲೇ ಗುರುತು ಹಾಕಬೇಕು. ರೂಟರ್ ಮುಟ್ಟುವ ಹೊತ್ತಿಗೆ ಪ್ಯಾಕೆಟ್ ಗಾಳಿಯನ್ನು ದಾಟಿಯಾಗಿರುತ್ತದೆ! ತುಂಬ ಜನ ತಪ್ಪುವುದು ಇಲ್ಲೇ.

ಎಲ್ಲಕ್ಕೂ ಧ್ವನಿಯ ಗುರುತು ಹಾಕಬೇಡಿ. ಎಣಿಕೆಯ ಕಿಟಕಿ ಅಷ್ಟು ಕಿರಿದಾದ್ದರಿಂದ ಒಂದೇ ಸಂಖ್ಯೆ ಬಂದ ಸಾಧನಗಳು ಡಿಕ್ಕಿ ಹೊಡೆಯುತ್ತವೆ. ರೂಟರ್‌ನಲ್ಲಿ ಈ ನಾಲ್ಕು ಸಾಲಿನ ವ್ಯವಸ್ಥೆಗಿರುವ ಹೆಸರು ಡಬ್ಲ್ಯೂಎಂಎಂ; ಅದನ್ನು ಆಫ್ ಮಾಡಲೂ ಬೇಡಿ, ವೇಗ 54 ಎಂಬಿಪಿಎಸ್‌ಗೆ ಕುಸಿಯುತ್ತದೆ.

ಇನ್ನು ಮೂಲೆಯ ಹಳೇ ಸಾಧನ. 1 ಎಂಬಿಪಿಎಸ್‌ನಲ್ಲಿ 1500 ಬೈಟ್ ಕಳಿಸಲು ಅದಕ್ಕೆ 12 ಮಿಲಿಸೆಕೆಂಡ್ ಬೇಕು, ಮತ್ತು ಶುರುವಾದ ಫ್ರೇಮನ್ನು ಯಾವ ಆದ್ಯತೆಯೂ ನಡುವೆ ನಿಲ್ಲಿಸಲಾರದು. 2.4 ಗಿಗಾಹರ್ಟ್ಸ್‌ನಲ್ಲಿ 1, 2, 5.5 ಮತ್ತು 11ರ ದರಗಳನ್ನು ತೆಗೆದುಹಾಕಿ. 6 ಎಂಬಿಪಿಎಸ್‌ನಲ್ಲಿ ಅದೇ ಫ್ರೇಮು 2 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಆದರೆ 802.11ಬಿ ಮಾತ್ರ ಬಲ್ಲ ತೀರ ಹಳೇ ಉಪಕರಣಗಳು ಆಮೇಲೆ ಸೇರಲಾರವು. ಮನೆಯಲ್ಲಿ ಅಂಥದ್ದಿದೆಯೇ ಎಂದು ಮೊದಲೇ ನೋಡಿಕೊಳ್ಳಿ.