ಹಾಲೂಡಿಸುವ ತಾಯಿಯಲ್ಲಿ ಹೊಸ ಬಸಿರನ್ನು ಗುರುತಿಸುವ ಬಗೆ

ಗರ್ಭಧಾರಣೆಯ ಮೊದಲ ಲಕ್ಷಣ ಮುಟ್ಟು ನಿಲ್ಲುವುದು ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಹೆರಿಗೆಯ ನಂತರ ಇನ್ನೂ ಮುಟ್ಟೇ ಆಗದ ತಾಯಿಯಲ್ಲಿ ಈ ಲಕ್ಷಣದಿಂದ ಏನೂ ತಿಳಿಯುವುದಿಲ್ಲ. ಅಂಥವರನ್ನು ವಿಚಾರಿಸುವಾಗ ಕ್ಯಾಲೆಂಡರಿಗಿಂತ ಮೊದಲು ಮಗು ಏನು ಕುಡಿಯುತ್ತದೆ, ಎಷ್ಟು ಹೊತ್ತಿಗೊಮ್ಮೆ ಕುಡಿಯುತ್ತದೆ ಎಂಬುದನ್ನು ಕೇಳಬೇಕು.

ಮಗು ಹಗಲೂ ರಾತ್ರಿಯೂ ಪದೇ ಪದೇ ಮೊಲೆ ಚೀಪುತ್ತಿರುವಷ್ಟು ಕಾಲ ಮೆದುಳಿನ ಹೈಪೊಥಲಾಮಸ್ ಎಂಬ ಭಾಗದಿಂದ ಬಿಟ್ಟು ಬಿಟ್ಟು ಬರಬೇಕಾದ ಜಿಎನ್‌ಆರ್‌ಎಚ್ ಹಾರ್ಮೋನಿನ ಸ್ರಾವದ ಲಯ ತಪ್ಪಿ, ಅಂಡವನ್ನು ಹೊರಬಿಡಿಸುವ ಎಲ್‌ಎಚ್ ಹಾರ್ಮೋನು ಸಾಕಷ್ಟು ಏರದೆ, ಅಂಡ ಬಿಡುಗಡೆಯಾಗುವುದು ತಡೆಯಲ್ಪಡುತ್ತದೆ. 1988ರಲ್ಲಿ ಇಟಲಿಯ ಬೆಲ್ಲಾಜಿಯೊದಲ್ಲಿ ಸೇರಿದ್ದ ತಜ್ಞರು ಈ ರಕ್ಷಣೆಗೆ ಮೂರು ಷರತ್ತುಗಳನ್ನು ಹೇಳಿದರು: ಮಗುವಿಗೆ ಆರು ತಿಂಗಳು ತುಂಬಿರಬಾರದು, ಅದು ಹಗಲೂ ರಾತ್ರಿಯೂ ಬಹುತೇಕ ತಾಯಿಯ ಹಾಲನ್ನೇ ಕುಡಿಯುತ್ತಿರಬೇಕು, ತಾಯಿಗೆ ಮುಟ್ಟು ಮರಳಿರಬಾರದು. ಮೂರೂ ಇದ್ದರೆ ರಕ್ಷಣೆ ಶೇ. 98ಕ್ಕಿಂತ ಹೆಚ್ಚು, ಒಂದು ತಪ್ಪಿದರೂ ಅದನ್ನು ನಂಬಿ ಕೂರುವಂತಿಲ್ಲ.

ನಮ್ಮ ಉಡುಪಿ ಕಡೆಯದೇ ಉದಾಹರಣೆ ತೆಗೆದುಕೊಳ್ಳೋಣ. ಏಳು ತಿಂಗಳ ಮಗುವಿಗೆ ಬೆಳಿಗ್ಗೆ ಒಂದು ಬಟ್ಟಲು ರಾಗಿ ಮಣ್ಣಿ, ಸಂಜೆ ಮೆತ್ತಗೆ ಹಿಸುಕಿದ ಗಂಜಿ. ತಾಯಿ ಗೇರುಬೀಜ ಕಾರ್ಖಾನೆಗೆ ಹೋದ ಮೇಲೆ ಮಗು ಅಜ್ಜಿಯ ಹತ್ತಿರ. ರಾತ್ರಿ ಆರೇಳು ಗಂಟೆ ಎಡೆಬಿಡದ ನಿದ್ದೆ. “ಹಾಲು ಕುಡಿಸ್ತಾ ಇದ್ದೇನಲ್ಲ, ಇನ್ನೂ ಮುಟ್ಟಾಗಿಲ್ಲ” ಎಂದು ಆಕೆ ನೆಮ್ಮದಿಯಿಂದ ಇರುತ್ತಾಳೆ. ಆದರೆ ಅಂಡ ಬಿಡುಗಡೆಯಾಗುವುದು ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ. ಆದ್ದರಿಂದ ಹೆರಿಗೆಯ ನಂತರದ ಮೊದಲ ಮುಟ್ಟು ಕಾಣುವ ಮೊದಲೇ ಬಸಿರಾಗಬಹುದು. ಪರೀಕ್ಷೆಗೆ ಓದುವಾಗ ನಾವು ಹಾರಿಸಿಬಿಡುವ ಸಾಲು ಇದೇ.

ಇತರ ಲಕ್ಷಣಗಳು ಗೊಂದಲ ಹುಟ್ಟಿಸುವಂಥವು. ಸುಸ್ತು ಯಾವ ಎಳೆಮಗುವಿನ ತಾಯಿಗೆ ಇಲ್ಲ? ತೊಟ್ಟಿನ ನೋವು ಮಗು ಸರಿಯಾಗಿ ಬಾಯಿ ಹಾಕದಿದ್ದರೂ ಬರುತ್ತದೆ. ಆದರೆ ಅಷ್ಟು ದಿನ ಇಲ್ಲದ ತೊಟ್ಟಿನ ನೋವು ಹೊಸದಾಗಿ ಶುರುವಾಗಿ, ಅದರ ಜೊತೆ ವಾಕರಿಕೆಯೂ ಇದ್ದರೆ, ಅಥವಾ ಹಾಲು ಕಡಿಮೆಯಾಗಿ ರುಚಿ ಬದಲಾದದ್ದರಿಂದ ಮಗು ಮೊಲೆಯಿಂದ ಮುಖ ತಿರುಗಿಸುತ್ತಿದ್ದರೆ ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಬಸಿರು ತಡೆಯಲು ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಪಡೆದವರಲ್ಲೂ ಮುಟ್ಟು ನಿಲ್ಲುವುದುಂಟು; ಅದನ್ನೂ ಕೇಳಿ ಬರೆದುಕೊಳ್ಳಿ.

ಪರೀಕ್ಷಾ ಕಿಟ್ ಹುಡುಕುವುದು ಬಸಿರಿನಲ್ಲಿ ಏರುವ ಎಚ್‌ಸಿಜಿ ಎಂಬ ಹಾರ್ಮೋನನ್ನು. ಹಾಲಿಗೆ ಸಂಬಂಧಿಸಿದ ಪ್ರೊಲ್ಯಾಕ್ಟಿನ್ ಹಾರ್ಮೋನು ಅದರ ಫಲಿತಾಂಶವನ್ನು ಕೆಡಿಸುವುದಿಲ್ಲ. ಮುಟ್ಟಿನ ಲೆಕ್ಕವಿಲ್ಲದ ಕಾರಣ, ರಕ್ಷಣೆಯಿಲ್ಲದ ಕೊನೆಯ ಸಂಪರ್ಕದಿಂದ 21 ದಿನ ಕಳೆದ ಮೇಲೆ, ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷಿಸುವುದು ಸೂಕ್ತ. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಹಿಂದಿನ ಬಸಿರಿನ ಎಚ್‌ಸಿಜಿಯೇ ಉಳಿದಿರಬಹುದೆಂಬುದು ನೆನಪಿರಲಿ. ಸರ್ಕಾರದ ‘ನಿಶ್ಚಯ್’ ಕಿಟ್ ಆಶಾ ಕಾರ್ಯಕರ್ತೆಯರ ಮೂಲಕ ಉಚಿತವಾಗಿ ಸಿಗುತ್ತದೆ.

ಬಸಿರು ಖಚಿತವಾದರೆ ಎಷ್ಟು ವಾರವೆಂಬುದನ್ನು ಮೊದಲ ತ್ರೈಮಾಸಿಕದ ಸ್ಕ್ಯಾನಿಂಗ್‌ನಲ್ಲಿ ಭ್ರೂಣದ ತಲೆಯಿಂದ ಕುಂಡೆಯವರೆಗಿನ ಉದ್ದ ಅಳೆದು ನಿರ್ಧರಿಸುತ್ತಾರೆ. ಒಂದೇ ಪಕ್ಕದ ಕಿಬ್ಬೊಟ್ಟೆ ನೋವು, ರಕ್ತಸ್ರಾವ ಅಥವಾ ತಲೆಸುತ್ತು ಇದ್ದರೆ ಕಾಯದೆ ಆಸ್ಪತ್ರೆಗೆ ಕಳುಹಿಸಬೇಕು. ತೊಂದರೆಯಿಲ್ಲದ ಬಸಿರಿನಲ್ಲಿ ಮಗುವಿಗೆ ಹಾಲು ಬಿಡಿಸಲೇಬೇಕೆಂದಿಲ್ಲ. ಹಿಂದೆ ದಿನ ತುಂಬುವ ಮೊದಲೇ ಹೆರಿಗೆಯಾದವರು ಮಾತ್ರ ವೈದ್ಯರನ್ನು ಕೇಳಿ ಮುಂದುವರಿಸಬೇಕು. ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನಾಂಕ ಕೇಳುವ ಜಾಗದಲ್ಲಿ ಅಂದಾಜಿನ ತಾರೀಕು ತುಂಬುವ ಬದಲು “ಹೆರಿಗೆಯ ನಂತರ ಮುಟ್ಟಾಗಿಲ್ಲ, ಹಾಲೂಡಿಸುತ್ತಿದ್ದಾರೆ” ಎಂದೇ ಬರೆಯಿರಿ.