ವಿನಿಯರ್ ಹಾಕಿಸಿದ ಹಲ್ಲಿಗೆ ಮತ್ತೆ ಹುಳುಕು ಹಿಡಿಯುತ್ತದೆಯೇ?

ಪ್ರಶ್ನೆ: ಮೇಲಿನ ಸಾಲಿನ ನಾಲ್ಕು ಮುಂಬಲ್ಲುಗಳಿಗೆ ಪಿಂಗಾಣಿ ವಿನಿಯರ್, ಪಕ್ಕದ ಎರಡಕ್ಕೆ ಕಾಂಪೊಸಿಟ್ ಬಾಂಡಿಂಗ್ (ಹಲ್ಲಿನ ಬಣ್ಣದ ರೆಸಿನನ್ನು ನೇರ ಹಲ್ಲಿಗೆ ಹಚ್ಚಿ ಗಟ್ಟಿಯಾಗಿಸುವುದು) ಮಾಡಿಸಿದ್ದೇನೆ. ಪಿಂಗಾಣಿಗೆ ಹುಳುಕು ಹಿಡಿಯುವುದಿಲ್ಲ ಎನ್ನುತ್ತಾರೆ. ಹಾಗಾದರೆ ಇನ್ನು ಬೇರೆ ಆರೈಕೆ ಬೇಕೇ? ಇವು ಹೆಚ್ಚು ವರ್ಷ ಬಾಳಬೇಕೆಂದರೆ ಏನು ಮಾಡಬೇಕು?

ಉತ್ತರ: ಪಿಂಗಾಣಿಗೆ ಹುಳುಕು ಹಿಡಿಯುವುದಿಲ್ಲ, ನಿಜ. ಆದರೆ ಅದರ ಹಿಂದಿರುವುದು ನಿಮ್ಮದೇ ಹಲ್ಲು, ಅದಕ್ಕೆ ಹಿಡಿಯುತ್ತದೆ. ವಿನಿಯರ್ ಎಂದರೆ ಅರ್ಧ ಮಿಲಿಮೀಟರ್ ಆಸುಪಾಸಿನ ತೆಳು ಹಾಳೆ. ಹಲ್ಲಿನ ಮುಂಭಾಗವನ್ನು ಮುಚ್ಚಿ, ವಸಡಿನ ಬಳಿ ಒಂದು ಗೆರೆಯಲ್ಲಿ ಅದು ಮುಗಿಯುತ್ತದೆ. ಪಿಂಗಾಣಿ, ಅಂಟಿಸಿದ ರೆಸಿನ್ ಸಿಮೆಂಟ್, ಹಲ್ಲು ಮೂರೂ ಸೇರುವುದು ಆ ಗೆರೆಯಲ್ಲೇ. ಕ್ಯಾಪ್ ಹಾಕಿಸಿದ ಹಲ್ಲಿಗೂ ಇಂಥದ್ದೇ ಗೆರೆ ಸುತ್ತಲೂ ಇರುತ್ತದೆ. ಕೆಡುವುದು ಬಹುಪಾಲು ಎರಡೇ ಕಾರಣಕ್ಕೆ: ಒಂದೋ ಆ ಅಂಚಿನಲ್ಲಿ ಕೊಳೆ ನಿಂತು, ಇಲ್ಲವೇ ಕಚ್ಚುವ ಭಾರ ತಪ್ಪಾದ ಕಡೆ ಬಿದ್ದು.

ಮೊದಲು ಅಂಚಿನ ವಿಚಾರ. ಪ್ಲೇಕ್ ಎನ್ನುವ ಅಂಟು ಪದರ ನುಣುಪಾದ ಪಿಂಗಾಣಿಯ ಮೇಲೆ ಅಷ್ಟಾಗಿ ನಿಲ್ಲುವುದಿಲ್ಲ, ಗೆರೆಯ ಬಳಿ ಮಾತ್ರ ನಿಲ್ಲುತ್ತದೆ. ಅಲ್ಲಿಂದ ಹುಳುಕು ಒಳಗೆ ಸಾಗಿದರೆ ಎದುರಿನಿಂದ ಏನೂ ಕಾಣದು. ಬೇರು ಚಿಕಿತ್ಸೆಯಾಗಿ ಕ್ಯಾಪ್ ಕೂತಿರುವ ಹಲ್ಲಾದರೆ ನೋವೂ ಆಗುವುದಿಲ್ಲ, ಏಕೆಂದರೆ ಒಳಗೆ ನರವೇ ಇಲ್ಲ. ನೋವು ಬಂದಾಗ ನೋಡಿಕೊಳ್ಳೋಣ ಎಂದು ಕಾಯುವವರು ಕ್ಯಾಪಿನ ಜೊತೆಗೆ ಹಲ್ಲನ್ನೂ ಕಳೆದುಕೊಳ್ಳಬಹುದು.

ಬ್ರಷ್ ಮೃದು ಎಳೆಯದ್ದಿರಲಿ. ವಸಡು ಮತ್ತು ಹಲ್ಲು ಕೂಡುವ ಕಡೆಗೆ 45 ಡಿಗ್ರಿ ಓರೆಯಾಗಿ ಹಿಡಿದು, ಚಿಕ್ಕ ಚಿಕ್ಕ ಅಲುಗಾಟದಲ್ಲಿ ಉಜ್ಜಿ. ದಿನಕ್ಕೆ ಎರಡು ಸಲ, ಸಲಕ್ಕೆ ಎರಡು ನಿಮಿಷ. ಒತ್ತಿ ಅಡ್ಡಡ್ಡ ಉಜ್ಜಿದರೆ ವಸಡು ಹಿಂದೆ ಸರಿಯುತ್ತದೆ, ಮುಚ್ಚಿದ್ದ ಗೆರೆ ಬಯಲಾಗುತ್ತದೆ. ಲೋಹದ ಮೇಲೆ ಪಿಂಗಾಣಿ ಕೂರಿಸಿದ ಹಳೆಯ ಬಗೆಯ ಕ್ಯಾಪಿನ ಬುಡದಲ್ಲಿ ಕಾಣುವ ಕಪ್ಪು ಗೆರೆ ಬಹುಮಟ್ಟಿಗೆ ಹೀಗೆ ಹೊರಬಂದದ್ದೇ.

ಫ್ಲಾಸ್ ಬಳಸಿದರೆ ವಿನಿಯರ್ ಕಿತ್ತುಬರುತ್ತದೆ ಎಂಬ ಭಯ ಹಲವರಿಗಿದೆ. ಸರಿಯಾಗಿ ಅಂಟಿಸಿದ್ದು ಫ್ಲಾಸ್‌ಗೆ ಕಿತ್ತುಬರುವುದಿಲ್ಲ. ಎರಡು ಹಲ್ಲಿನ ನಡುವೆ ದಾರ ಇಳಿಸಿ, ಒಂದು ಹಲ್ಲಿನ ಬದಿಗೆ ಒತ್ತಿ ಬಳಸಿ, ವಸಡಿನ ತುಸು ಒಳಗಿನವರೆಗೆ ಮೇಲೆ ಕೆಳಗೆ ನಾಲ್ಕೈದು ಸಲ ಜಾರಿಸಿ. ಆಮೇಲೆ ಪಕ್ಕದ ಹಲ್ಲಿಗೂ ಹಾಗೆಯೇ. ಎಚ್ಚರ ಬೇಕಾದದ್ದು ತಾತ್ಕಾಲಿಕ ಕ್ಯಾಪ್ ಅಥವಾ ವಿನಿಯರ್ ಇರುವ ದಿನಗಳಲ್ಲಿ. ಅವನ್ನು ಬೇಕೆಂದಾಗ ಬಿಡಿಸಲು ಬರುವಂತೆ ಸಡಿಲವಾಗಿಯೇ ಅಂಟಿಸಿರುತ್ತಾರೆ, ಹಾಗಾಗಿ ದಾರವನ್ನು ಮೇಲೆತ್ತದೆ ಪಕ್ಕಕ್ಕೆ ಎಳೆದು ತೆಗೆಯಿರಿ. ಫ್ಲಾಸ್ ಒಂದೇ ಜಾಗದಲ್ಲಿ ಪದೇ ಪದೇ ಎಳೆಎಳೆಯಾಗಿ ಹರಿಯುತ್ತಿದ್ದರೆ ಅಲ್ಲಿ ಸಿಮೆಂಟ್ ಉಳಿದಿದೆ, ಅಂಚು ಒರಟಾಗಿದೆ ಅಥವಾ ಹುಳುಕು ಶುರುವಾಗಿದೆ. ದಾರದ ಬ್ರ್ಯಾಂಡ್ ಬದಲಿಸುತ್ತ ಕೂರಬೇಡಿ, ಆ ಜಾಗವನ್ನು ವೈದ್ಯರಿಗೆ ತೋರಿಸಿ.

ಪೇಸ್ಟ್ ಆರಿಸುವಾಗ ಎರಡು ಗುಣ ನೋಡಿ. ಫ್ಲೋರೈಡ್ 1000ರಿಂದ 1500 ಪಿಪಿಎಂ ಇರಬೇಕು, ಏಕೆಂದರೆ ಅಂಚಿನ ಬಳಿಯ ಹಲ್ಲನ್ನು ಕಾಯುವುದು ಅದೇ. ಸವೆಸುವ ಗುಣ ಕಡಿಮೆ ಇರಬೇಕು. ಇದನ್ನು ಆರ್‌ಡಿಎ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಅಂತಾರಾಷ್ಟ್ರೀಯ ಮಾನದಂಡದ ಮಿತಿ 250. ಬಾಂಡಿಂಗ್ ಇರುವವರಿಗೆ 70ರ ಆಸುಪಾಸಿನದ್ದು ಒಳ್ಳೆಯದು. ಇದ್ದಿಲು ಪೇಸ್ಟ್, ಉಪ್ಪು ಹರಳಿನ ಪುಡಿ, ಕಲೆ ಉಜ್ಜಿ ತೆಗೆಯುವ ವೈಟ್ನಿಂಗ್ ಪುಡಿಗಳು ಕಾಂಪೊಸಿಟ್‌ನ ಹೊಳಪನ್ನು ಕೆಡಿಸುತ್ತವೆ. ಹೊಳಪು ಹೋದ ಮೇಲ್ಮೈಗೆ ಚಹಾ, ಕಾಫಿಯ ಕಲೆ ಮೊದಲಿಗಿಂತ ಬೇಗ ಹತ್ತುತ್ತದೆ, ಅದನ್ನು ತೆಗೆಯಲು ಮತ್ತೆ ಅದೇ ಪುಡಿ. ಈ ಸುತ್ತಿಗೆ ಸಿಕ್ಕಿದವರ ಬಾಂಡಿಂಗ್ ಬೇಗ ಮಾಸುತ್ತದೆ.

ಇನ್ನೊಂದು ವಿಷಯ, ಹೆಚ್ಚಿನವರಿಗೆ ಗೊತ್ತಿರದ್ದು. ಕ್ಲಿನಿಕ್‌ನಲ್ಲಿ ಹಚ್ಚುವ ಫ್ಲೋರೈಡ್ ಜೆಲ್‌ಗಳಲ್ಲಿ ಒಂದು ಆಮ್ಲೀಯ, ಎಪಿಎಫ್ ಎನ್ನುತ್ತಾರೆ. ಅದರ ಪಿಎಚ್ 3ರಿಂದ 3.5ರಷ್ಟು. ಅದು ಪಿಂಗಾಣಿಯ ಗಾಜಿನ ಹೊಳಪನ್ನು ಕೊರೆಯುತ್ತದೆ, ಕಾಂಪೊಸಿಟ್‌ನಲ್ಲಿರುವ ಗಾಜಿನ ಕಣಗಳನ್ನೂ ತಿನ್ನುತ್ತದೆ. ವಿನಿಯರ್ ಇದೆ ಎಂದು ಮೊದಲೇ ಹೇಳಿ, ಆಮ್ಲವಿಲ್ಲದ ಸೋಡಿಯಂ ಫ್ಲೋರೈಡ್ ಜೆಲ್ ಅಥವಾ ವಾರ್ನಿಷ್ ಕೇಳಿ. ಹಲ್ಲು ಕ್ಲೀನ್ ಮಾಡಿಸಲು ಹೊಸ ಕ್ಲಿನಿಕ್‌ಗೆ ಹೋದಾಗಲೂ ಯಾವ ಹಲ್ಲಿಗೆ ಏನು ಹಾಕಿದೆ ಎಂದು ಹೇಳಿಬಿಡಿ. ಚೆನ್ನಾಗಿ ಮಾಡಿದ ವಿನಿಯರ್ ಎಷ್ಟೋ ಸಲ ನೋಟಕ್ಕೆ ಸಿಗುವುದೇ ಇಲ್ಲ. ಕಂಪನದಿಂದ ಹಲ್ಲಿನ ಕಿಟ್ಟ ತೆಗೆಯುವ ಅಲ್ಟ್ರಾಸಾನಿಕ್ ಸ್ಕೇಲರ್‌ನ ತುದಿ ನೇರ ಅಂಚಿಗೆ ತಾಗಿದರೆ ಪಿಂಗಾಣಿ ಚಕ್ಕೆ ಏಳಬಹುದು, ಒರಟು ಪಾಲಿಷ್ ಪೇಸ್ಟ್ ಗೀರು ಬೀಳಿಸಬಹುದು.

ಮೌತ್‌ವಾಶ್ ಬೇಕೇ ಬೇಕೆಂದಿಲ್ಲ. ಬಳಸುವುದಾದರೆ ಆಲ್ಕೋಹಾಲ್ ಇಲ್ಲದ್ದು ಬಳಸಿ, ಆಲ್ಕೋಹಾಲ್ ಕಾಂಪೊಸಿಟ್‌ನ ರೆಸಿನನ್ನು ಮೆತ್ತಗಾಗಿಸುತ್ತದೆ. ಕ್ಲೋರ್‌ಹೆಕ್ಸಿಡಿನ್ ಇರುವುದನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ. ಹೆಚ್ಚು ದಿನ ಬಳಸಿದರೆ ಅಂಚಿನಲ್ಲಿ ಕಂದು ಕಲೆ ಕೂರುತ್ತದೆ.

ಕಲೆಯ ವಿಷಯದಲ್ಲಿ ನಿಮ್ಮ ಎರಡು ಬಗೆಯ ಹಲ್ಲುಗಳೂ ಒಂದೇ ರೀತಿ ಇರವು. ಪಿಂಗಾಣಿಯ ಮೈ ಕಲೆ ಹೀರುವುದಿಲ್ಲ. ಕಾಂಪೊಸಿಟ್ ನಿಧಾನವಾಗಿ ಹೀರುತ್ತದೆ. ನೀಲಿ ಬೆಳಕಿನಲ್ಲಿ ಅದು ಕೂಡಲೇ ಗಟ್ಟಿಯಾದರೂ ಒಳಗಿನ ರಾಸಾಯನಿಕ ಕ್ರಿಯೆ ಸುಮಾರು ಒಂದು ದಿನ ಮುಂದುವರಿಯುತ್ತದೆ. ಹಾಗಾಗಿ ಮೊದಲ 48 ಗಂಟೆ ಚಹಾ, ಕಾಫಿ, ಸಿಗರೇಟು ಬಿಟ್ಟರೆ ಒಳ್ಳೆಯದು. ವರ್ಷಕ್ಕೊಮ್ಮೆ ಪಾಲಿಷ್ ಮಾಡಿಸಿದರೆ ಮಂಕಾದ ಬಾಂಡಿಂಗ್ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಹಲ್ಲು ಬಿಳಿ ಮಾಡುವ ಬ್ಲೀಚ್ ಮಾತ್ರ ಇವೆರಡಕ್ಕೂ ತಾಗದು: ಸುತ್ತಲಿನ ಸಹಜ ಹಲ್ಲು ಬೆಳ್ಳಗಾಗಿ, ವಿನಿಯರ್ ಹಳೆಯ ಬಣ್ಣದಲ್ಲೇ ಉಳಿದು ಎದ್ದು ಕಾಣುತ್ತದೆ. ಬ್ಲೀಚ್ ಆಸೆಯಿದ್ದವರು ಮೊದಲು ಅದನ್ನು ಮುಗಿಸಿ, ಎರಡು ವಾರ ಬಿಟ್ಟು ಬಾಂಡಿಂಗ್ ಮಾಡಿಸಬೇಕು. ಎನಾಮೆಲ್‌ನಲ್ಲಿ ಉಳಿದ ಆಮ್ಲಜನಕ ಅಂಟು ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ.

ಈಗ ಭಾರ. ಪಿಂಗಾಣಿ ಒತ್ತಡ ತಡೆದೀತು, ಬಾಗಿಸುವ ಬಲವನ್ನು ತಡೆಯದು. ದಾರ ಕಡಿಯುವುದು, ಪ್ಯಾಕೆಟ್ ಹರಿಯುವುದು, ಉಗುರು ಮತ್ತು ಪೆನ್ನು ಕಚ್ಚುವುದು, ಐಸ್ ಅಗಿಯುವುದು, ಇವೆಲ್ಲ ಹಲ್ಲಿನ ತುದಿಗೆ ಅಂಥದ್ದೇ ಬಲ ಹಾಕುತ್ತವೆ. ಇವಕ್ಕಿಂತ ಕೆಟ್ಟದ್ದು ನಿದ್ದೆಯಲ್ಲಿ ಹಲ್ಲು ಕಡಿಯುವುದು. ಬೆಳಗ್ಗೆ ದವಡೆ ಬಿಗಿದಂತಿದ್ದರೆ, ಕೆನ್ನೆಪಕ್ಕದಲ್ಲಿ ನೋವಿದ್ದರೆ, ಹಲ್ಲಿನ ತುದಿಗಳು ಚಪ್ಪಟೆಯಾಗಿದ್ದರೆ ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿಗೆ ತೊಡುವ ಕವಚ, ಕೇಳಿ. ನಿಮ್ಮ ಬಾಯಿಯ ಅಳತೆ ತೆಗೆದು ಗಟ್ಟಿ ಆಕ್ರಿಲಿಕ್‌ನಲ್ಲಿ ಮಾಡಿದ್ದೇ ಆಗಬೇಕು. ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕಚ್ಚುವ ಅಂಗಡಿಯ ಮೆತ್ತನೆಯದನ್ನು ಕೆಲವರು ಮಲಗಿದಲ್ಲೇ ಇನ್ನಷ್ಟು ಅಗಿಯುತ್ತಾರೆ. ಗಾರ್ಡನ್ನು ತಣ್ಣೀರಿನಲ್ಲಿ ಮೃದು ಬ್ರಷ್‌ನಿಂದ ತೊಳೆಯಿರಿ, ಬಿಸಿನೀರಿಗೆ ಅದರ ಆಕಾರ ಸೊಟ್ಟಗಾಗುತ್ತದೆ.

ಅಂಟಿಸಿದ ದಿನ ಬಾಯಿ ಮರಗಟ್ಟಿರುವುದರಿಂದ ಕಡಿತ ಸರಿಯಾಗಿದೆಯೇ ಎಂದು ನಿಮಗೇ ಖಚಿತವಾಗುವುದಿಲ್ಲ. ಎರಡು ಮೂರು ದಿನಗಳಲ್ಲಿ ಒಂದು ಹಲ್ಲು ಉಳಿದವಕ್ಕಿಂತ ಮೊದಲು ತಾಗಿದಂತೆನಿಸಿದರೆ ಅಭ್ಯಾಸವಾದೀತೆಂದು ಬಿಡಬೇಡಿ. ಬಣ್ಣದ ಕಾಗದ ಕಚ್ಚಿಸಿ ಸವರಿ ಸರಿಪಡಿಸುವುದು ಐದು ನಿಮಿಷದ ಕೆಲಸ. ದವಡೆ ಹಲ್ಲು ಕಿತ್ತು ಖಾಲಿ ಬಿಟ್ಟಿದ್ದರೆ ಅದನ್ನೂ ತುಂಬಿಸಿಕೊಳ್ಳಿ. ಹಿಂದೆ ಆಸರೆ ಇಲ್ಲದಿದ್ದರೆ ಅಗಿಯುವ ಭಾರ ಮುಂಬಲ್ಲಿಗೇ ಬೀಳುತ್ತದೆ.

ಇಷ್ಟು ನೋಡಿಕೊಂಡರೆ ಪಿಂಗಾಣಿ ವಿನಿಯರ್ ಸಾಮಾನ್ಯವಾಗಿ 10ರಿಂದ 15 ವರ್ಷ, ಕೆಲವು ಅದಕ್ಕೂ ಹೆಚ್ಚು ಬಾಳುತ್ತವೆ. ಕಾಂಪೊಸಿಟ್ ಬಾಂಡಿಂಗ್‌ಗೆ 5ರಿಂದ 7 ವರ್ಷ ಎಂದಿಟ್ಟುಕೊಳ್ಳಿ, ನಡುವೆ ಚಿಕ್ಕಪುಟ್ಟ ದುರಸ್ತಿ ಬಂದೇ ಬರುತ್ತದೆ. ಆರು ತಿಂಗಳಿಗೊಮ್ಮೆ ಅಂಚು ಪರೀಕ್ಷೆ ಮಾಡಿಸಿ. ಎಕ್ಸ್‌ರೇ ಎಷ್ಟು ದಿನಕ್ಕೊಮ್ಮೆ ಎಂಬುದನ್ನು ನಿಮ್ಮ ಹುಳುಕಿನ ಇತಿಹಾಸ ನೋಡಿ ವೈದ್ಯರು ಹೇಳುತ್ತಾರೆ.

ಕಳಚಿಬಿದ್ದರೆ? ತುಂಡುಗಳನ್ನೂ ಸೇರಿಸಿ ಎಲ್ಲವನ್ನೂ ಗಟ್ಟಿ ಡಬ್ಬಿಯಲ್ಲಿಡಿ, ಟಿಶ್ಯೂನಲ್ಲಿ ಸುತ್ತಿಟ್ಟರೆ ಕಸಕ್ಕೆ ಹೋಗುತ್ತದೆ. ಒಳಮೈಯನ್ನು ಕೆರೆಯಬೇಡಿ. ಅಂಟು ಹಲ್ಲಿನಿಂದ ಬಿಟ್ಟಿತೋ ಪಿಂಗಾಣಿಯಿಂದ ಬಿಟ್ಟಿತೋ ಎಂಬುದನ್ನು ವೈದ್ಯರು ಅಲ್ಲಿಯೇ ಓದುತ್ತಾರೆ. ಇಡಿಯಾಗಿದ್ದರೆ ಬಹುಶಃ ಮತ್ತೆ ಅಂಟಿಸಬಹುದು. ಸೂಪರ್ ಗ್ಲೂ ಮುಟ್ಟಲೇಬೇಡಿ: ಅದು ವಸಡನ್ನು ಸುಡುತ್ತದೆ, ತಪ್ಪು ಜಾಗದಲ್ಲಿ ಗಟ್ಟಿಯಾಗಿ ಕೂತರೆ ಬಿಡಿಸುವಾಗ ಒಳ್ಳೆಯ ವಿನಿಯರೂ ಒಡೆಯುತ್ತದೆ. ಚಿಕ್ಕ ಚಕ್ಕೆ ಎದ್ದಿದ್ದರೆ ಕಾಂಪೊಸಿಟ್‌ನಿಂದ ತುಂಬಬಹುದು, ಇಡೀ ವಿನಿಯರ್ ಬದಲಿಸಲೇಬೇಕೆಂದಿಲ್ಲ. ಕಳಚಿದ್ದನ್ನು ನುಂಗಿದರೆ ಸಾಮಾನ್ಯವಾಗಿ ತಾನಾಗಿ ಹೊರಹೋಗುತ್ತದೆ, ಆದರೂ ವೈದ್ಯರಿಗೆ ಹೇಳಿ. ಕೆಮ್ಮು ನಿಲ್ಲದಿದ್ದರೆ, ಉಸಿರು ಕಟ್ಟಿದಂತಾದರೆ ಅದು ಶ್ವಾಸನಾಳಕ್ಕೆ ಹೋಗಿರಬಹುದು. ಆಗ ಹಲ್ಲಿನ ಕ್ಲಿನಿಕ್ ಬಿಟ್ಟು ನೇರ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ.